ಹೊದಿಕೆಯ ಕೆಳಗಿನ ಬೂದು ಕಾರು

"ನಾನು ತೆಗೆಯೋದಿಲ್ಲ. ಡಾಕ್ಟರಮ್ಮ ಬಂದು ತೆಗಿ ಅಂದ್ರೆ ಮಾತ್ರ ತೆಗೀತೀನಿ."

ಬೀಗದಕ್ಕ ಸಾಮಾನಿನ ಚೀಲವನ್ನು ಫುಟ್‌ಪಾತಿನ ಮೇಲಿಟ್ಟು, ಅದರ ಪಕ್ಕದಲ್ಲಿ ಕೈಕಟ್ಟಿ ನಿಂತುಬಿಟ್ಟಳು.

ಕಟ್ಟಡದ ಸೆಕ್ರೆಟರಿ ಕೈಯಲ್ಲಿದ್ದ ಕಾಗದವನ್ನು ಅವಳ ಮೂಗಿನ ಹತ್ತಿರ ಹಿಡಿದರು. "ಅಸೋಸಿಯೇಷನ್ ತೀರ್ಮಾನ ಆಗಿದೆ ಕಣಮ್ಮ. ನಮ್ಮ ಬಾಗಿಲ ಮುಂದೆ ನಿಂತಿರೋ ಈ ಕಾರನ್ನ ಇವತ್ತು ಎಳೆಸಿ ಆಚೆಗೆ ಹಾಕಿಸ್ತೀವಿ. ಚಕ್ರಕ್ಕೆ ಬೀಗ ಹಾಕಿದೋಳು ನೀನು, ತೆಗೆಯೋಳೂ ನೀನೇ."

"ಬೇರೆಯವರು ತೆಗೀಬಾರದು ಅಂತಲೇ ಸ್ವಾಮಿ ಹಾಕಿದ್ದು."

ಕಾರು ಎಳೆಯಲು ಬಂದಿದ್ದ ಲಾರಿಯ ಡ್ರೈವರ್ ಕಿಸಕ್ಕನೆ ನಕ್ಕ. ಸೆಕ್ರೆಟರಿಗೆ ಮೈ ಉರಿಯಿತು. ಜೇಬಿನಿಂದ ಸಣ್ಣ ಚಾಕು ತೆಗೆದು ಕಾರಿಗೆ ಹೊದಿಸಿದ್ದ ಹೊದಿಕೆಯ ಪಟ್ಟಿಯನ್ನು ಕತ್ತರಿಸಿ, "ಹಿಡಿಯೋ ಆ ತುದಿ!" ಎಂದು ಒಂದೇ ಏಟಿಗೆ ಎಳೆದರು.

ಕೆಳಗಿದ್ದದ್ದು ಡಾಕ್ಟರಮ್ಮನ ಕೆಂಪು ಸ್ಪೋರ್ಟ್ಸ್ ಕಾರಲ್ಲ.

ಬಣ್ಣ ಉದುರಿದ ಒಂದು ಹಳೆಯ ಬೂದು ಕಾರು. ನಂಬರ್ ಪ್ಲೇಟ್ ಇಲ್ಲ. ನಾಲ್ಕೂ ಟೈರುಗಳ ಗಾಳಿ ತೆಗೆದು ಅದನ್ನು ಕುಳ್ಳಗೆ ಮಾಡಿದ್ದರು. ಮೂತಿ ಉದ್ದವಾಗಿ ಕಾಣಲೆಂದು ಎರಡು ದಿಂಬುಗಳನ್ನು ಹಗ್ಗದಿಂದ ಬಿಗಿದಿದ್ದರು. ಹಿಂದಿನ ಚಕ್ರದಲ್ಲಿ ಮಾತ್ರ ಬೀಗದಕ್ಕ ಕೆಂಪು ಕಾರಿಗೆಂದು ಮಾಡಿಕೊಟ್ಟಿದ್ದ ಹಳದಿ ಬೀಗ, ಒಂದು ಗೀರೂ ಇಲ್ಲದೆ ಭದ್ರವಾಗಿ ಕೂತಿತ್ತು.

"ದಿಂಬುಗಳಿಗೆ ಒಳ್ಳೇ ಬಂದೋಬಸ್ತು ಮಾಡಿದ್ದೀಯಮ್ಮ," ಎಂದ ಲಾರಿ ಡ್ರೈವರ್.

ಬೀಗದಕ್ಕನಿಗೆ ನಗು ಬರಲಿಲ್ಲ.

ಮೂವತ್ತು ವರ್ಷ ಹಲ್ಲು ಕಿತ್ತು ಡಾಕ್ಟರಮ್ಮ ಕೊಂಡ ಕಾರು ಅದು. ನೆಲಕ್ಕೂ ಅದರ ಹೊಟ್ಟೆಗೂ ನಾಲ್ಕೇ ಬೆರಳಿನ ಅಂತರ. ಕಟ್ಟಡದ ನೆಲಮಾಳಿಗೆಗೆ ಇಳಿಯುವ ದಾರಿ ಕಡಿದಾಗಿದ್ದುದರಿಂದ ಎರಡು ತಿಂಗಳಿಂದ ಇಳಿಜಾರು ಬೀದಿಯಲ್ಲೇ ನಿಲ್ಲುತ್ತಿತ್ತು. ಬೀದಿಯಲ್ಲಿ ನಿಂತ ಕಾರು ಕಳ್ಳನ ಕೈಗೆ ಸಿಗದಂತೆ ಮಾಡುವ ಹೊಣೆ ಬೀಗದಕ್ಕನದು. ಚಕ್ರಕ್ಕೆ ಹಳದಿ ಬೀಗ. ಸ್ಟೇರಿಂಗಿಗೆ ಕಬ್ಬಿಣದ ಸರಳು. ರಿಮೋಟ್ ಕೀಲಿಯ ಸಂಕೇತವನ್ನು ಯಾರೂ ಕದಿಯದಂತೆ ಮನೆಯಲ್ಲಿ ತಗಡಿನ ಡಬ್ಬಿ. ಎಲ್ಲಕ್ಕಿಂತ ಮಿಗಿಲಾಗಿ ಡ್ರೈವರ್ ಸೀಟಿನ ಕೆಳಗೆ ಒಂದು ಗುಪ್ತ ಸ್ವಿಚ್ಚು. ಅದನ್ನು ಒತ್ತದಿದ್ದರೆ ಪೆಟ್ರೋಲು ಹರಿಯದು, ಎಂಜಿನ್ ಅರ್ಧ ನಿಮಿಷಕ್ಕೆ ಸತ್ತುಹೋಗುತ್ತದೆ.

ಅಷ್ಟೆಲ್ಲ ಇದ್ದೂ ಕಾರು ಹೋಗಿತ್ತು.

ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ಬಂದರು. ಮೆಲ್ಲಗೆ ಮಾತಾಡುವ ಮನುಷ್ಯ. ಅಂಥವರಿಗೇ ಹೆಚ್ಚು ಹೆದರಬೇಕು ಎಂಬುದು ಬೀಗದಕ್ಕನ ಅನುಭವ.

"ಈ ಬೀಗಕ್ಕೆ ಎಷ್ಟು ಕೀಲಿ?"

"ಎರಡು ಸರ್. ಒಂದು ಡಾಕ್ಟರಮ್ಮನ ಹತ್ರ. ಇನ್ನೊಂದು ನನ್ನ ಅಂಗಡಿ ಬೀರುವಲ್ಲಿ, ಅರಗು ಹಾಕಿದ ಲಕೋಟೆಯೊಳಗೆ."

"ಬೀಗ ಒಡೆದಿಲ್ಲ. ಕೀಲಿ ಹಾಕಿ ತೆಗೆದು, ತಂದು ಇದಕ್ಕೆ ಹಾಕಿದ್ದಾರೆ. ಸೀಟಿನ ಕೆಳಗಿನ ಸ್ವಿಚ್ಚು ಯಾರ್‍ಯಾರಿಗೆ ಗೊತ್ತು?"

"ನನಗೆ. ಡಾಕ್ಟರಮ್ಮನಿಗೆ."

"ಡಾಕ್ಟರು ತಮ್ಮ ಕಾರನ್ನ ತಾವೇ ಕದೀತಾರಾ?"

"ಬೇಲೀನೇ ಎದ್ದು ಹೊಲ ಮೇಯ್ತು ಅಂತೀರಾ ಸರ್?"

"ನಾನು ಅನ್ನಲಿಲ್ಲಮ್ಮ. ನೀನೇ ಅಂದೆ."

ಅಷ್ಟರಲ್ಲಿ ಡಾಕ್ಟರಮ್ಮ ಕ್ಲಿನಿಕ್ಕಿನಿಂದ ಬಿಳಿ ಕೋಟಿನಲ್ಲೇ ಓಡಿಬಂದರು. ಬೂದು ಕಾರನ್ನು ನೋಡಿದರು. ಅಳಲಿಲ್ಲ, ಕೂಗಲಿಲ್ಲ. ಕೆಳಗೆ ಬಿದ್ದಿದ್ದ ಹೊದಿಕೆಯನ್ನು ಎತ್ತಿ, ಕತ್ತರಿಸಿದ ಪಟ್ಟಿಯನ್ನು ಹಿಡಿದು, "ಇದನ್ನ ಯಾಕೆ ತೆಗೆದ್ರಿ? ಇನ್ನೆರಡು ದಿನ..." ಎಂದು ಸೆಕ್ರೆಟರಿಯತ್ತ ತಿರುಗಿದವರು, ಅಲ್ಲಿಗೇ ನಿಲ್ಲಿಸಿಬಿಟ್ಟರು.

"ಮೇಡಂ, ಈ ಹೆಂಗಸಿನ ಮೇಲೆ ನಿಮಗೆ ಅನುಮಾನ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

ಡಾಕ್ಟರಮ್ಮ ಹೌದೆನ್ನಲಿಲ್ಲ. ಇಲ್ಲವೆನ್ನಲೂ ಇಲ್ಲ. ತಮ್ಮ ಚಪ್ಪಲಿಯ ತುದಿ ನೋಡುತ್ತ ನಿಂತರು.

ಆ ಮೌನ ಬೀಗದಕ್ಕನ ಕೆನ್ನೆಗೆ ಹೊಡೆದಂತಾಯಿತು.

"ಐದು ಗಂಟೆಗೆ ಅಂಗಡಿಗೆ ಬರ್ತೀನಿ," ಎಂದರು ಇನ್ಸ್‌ಪೆಕ್ಟರ್. "ಅಷ್ಟರೊಳಗೆ ಬೇರೆ ಹೆಸರು ಹೊಳೆದರೆ ಹೇಳು. ಇಲ್ಲದಿದ್ರೆ ಪರವಾನಗಿ ಪುಸ್ತಕ ತೆಗೆದಿಡು. ಶಟರಿಗೆ ಸೀಲ್ ಹಾಕ್ಬೇಕಾಗುತ್ತೆ."

ಪರವಾನಗಿ ಹೋದರೆ ಹೇಗೋ ಮತ್ತೆ ಬರೆಸಬಹುದು. ಆದರೆ ಬೀಗ ಮಾಡುವವಳ ಮೇಲೆ ಒಮ್ಮೆ ಕಳ್ಳತನದ ಮಾತು ಬಂದರೆ, ಆಮೇಲೆ ಯಾವ ಮನೆಯವರು ಅವಳನ್ನು ಬಾಗಿಲ ಹತ್ತಿರ ಬಿಟ್ಟುಕೊಂಡಾರು? ಅದು ಅವಳಿಗೂ ಗೊತ್ತು, ಸುತ್ತ ನಿಂತವರಿಗೂ ಗೊತ್ತು. ಆಗಲೇ ಮೂರನೇ ಮಹಡಿಯ ಹೆಂಗಸು ಗಂಡನ ಕಿವಿಯಲ್ಲಿ ಏನೋ ಹೇಳಿ, ಮೇಲೆ ತಮ್ಮ ಬಾಗಿಲಿನ ಕಡೆ ನೋಡಿದಳು. ಆ ಬಾಗಿಲಿನ ಬೀಗವೂ ಬೀಗದಕ್ಕನದೇ.

"ತೆಗೆದಿಡಲ್ಲ ಸರ್," ಎಂದಳು ಬೀಗದಕ್ಕ. "ಆ ಪುಸ್ತಕ ಗೋಡೆ ಮೇಲೆ ಎಲ್ಲಿ ನೇತಾಡ್ತಿದೆಯೋ ಅಲ್ಲೇ ಇರುತ್ತೆ. ಬಂದು ನೋಡಿ."

*

ಮೊದಲು ತನ್ನ ಮೇಲೆಯೇ ಅನುಮಾನ ಪಡುವುದು ಅವಳ ಹಳೆಯ ಚಾಳಿ. ಲಕೋಟೆ ಬೀರುವಿನಲ್ಲಿದೆಯೋ? ಬೀರುವಿಗೆ ಬೀಗ ಹಾಕಿದ್ದೆನೋ? ಅಂಗಡಿಗೆ ಹೋಗುವ ಹತ್ತು ನಿಮಿಷದಲ್ಲಿ ಹತ್ತು ಸಲ ತನ್ನನ್ನೇ ಕೇಳಿಕೊಂಡಳು.

ಅಂಗಡಿಯ ಬಾಗಿಲಲ್ಲಿ ಎಂದಿನಂತೆ ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಗಂಡ ತೀರಿಕೊಂಡ ಮೇಲೂ, ಒಬ್ಬನೇ ಮಗ ನಾಲ್ಕು ವರ್ಷದ ಹಿಂದೆ ಜಗಳವಾಡಿ ಮನೆ ಬಿಟ್ಟ ಮೇಲೂ ಅವರು ಆ ಸ್ಟೂಲು ಬಿಟ್ಟಿರಲಿಲ್ಲ. ಸೊಸೆಯನ್ನೂ ಬಿಟ್ಟಿರಲಿಲ್ಲ.

"ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

"ಡಾಕ್ಟರಮ್ಮನ ಕಾರು ಹೋಯ್ತು ಅತ್ತೆ. ನಾನೇ ಕದ್ದೆ ಅಂತಿದ್ದಾರೆ."

"ನೀನಾ?" ಅತ್ತೆ ಹುಬ್ಬೇರಿಸಿದರು. "ನಿನಗೆ ಸೈಕಲ್ಲೇ ನೆಟ್ಟಗೆ ಓಡಿಸೋಕೆ ಬರಲ್ಲ. ಹೋದ ವರ್ಷ ಹಾಲಿನ ಅಂಗಡಿ ಬೋರ್ಡಿಗೆ ಗುದ್ದಿದ್ದು ಮರೆತುಹೋಯ್ತಾ? ಹೋಗಿ ಹೇಳು ಆ ಇನ್ಸ್‌ಪೆಕ್ಟರಿಗೆ."

"ಓಡಿಸೋಕೆ ಬರೋದೇನೂ ಬೇಡ ಅತ್ತೆ. ಓಡಿಸೋನ ಕೈಗೆ ಕೀಲಿ ಕೊಟ್ಟಿದ್ರೂ ಕಳ್ಳೀನೇ."

"ಹಾಗಾದ್ರೆ ಓಡಿಸಿದೋನು ಯಾರು ಅಂತ ಹುಡುಕು. ಇಲ್ಲಿ ಬೀರು ತಡಕಾಡಿದರೆ ಏನು ಸಿಗುತ್ತೆ, ಜಿರಳೆ?"

ಲಕೋಟೆ ಸಿಕ್ಕಿತು. ಅರಗು ಒಡೆದಿರಲಿಲ್ಲ. ಬಿಸಿ ಇದ್ದಾಗ ಅವಳೇ ಒತ್ತಿದ್ದ ಹೆಬ್ಬೆರಳಿನ ಗುರುತು ಹಾಗೇ ಇತ್ತು. ಬೆಳಕಿಗೆ ಹಿಡಿದಳು, ಒಳಗೆ ಕೀಲಿಯೂ ಇತ್ತು.

ಎರಡು ಕೀಲಿಗಳಲ್ಲಿ ಒಂದು ಇಲ್ಲಿಂದ ಅಲುಗಿಲ್ಲ. ಅಂದರೆ?

ಆ "ಅಂದರೆ"ಯ ಮುಂದಕ್ಕೆ ಯೋಚಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. ಆದರೆ ಅತ್ತೆಯ ಮಾತು ಸರಿಯಾಗಿತ್ತು. ಓಡಿಸಿದವನು ಯಾರು? ಕೆಂಪು ಕಾರನ್ನು ಒಯ್ದವನು ತನ್ನ ಗುರುತನ್ನೂ ಅದರ ಜೊತೆಗೇ ಒಯ್ದಿದ್ದ. ಬೂದು ಕಾರನ್ನು ತಂದವನು ತನ್ನ ಗುರುತನ್ನು ಇಲ್ಲೇ ಬಿಟ್ಟು ಹೋಗಿರಬೇಕಲ್ಲ?

ಬೀಗದಕ್ಕ ವಾಪಸು ನಡೆದಳು. ಕಾವಲಿಗೆ ಬಿಟ್ಟಿದ್ದ ಕಾನ್ಸ್‌ಟೇಬಲ್ ಎದುರು ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. "ಬೀಗ ನಂದು, ನೋಡ್ಬೇಕು," ಎಂದಳು. ಅವನು ಲೋಟ ಎತ್ತಿ ಒಪ್ಪಿಗೆ ಕೊಟ್ಟ.

ಬೂದು ಕಾರಿನ ಬಾಗಿಲಿಗೆ ಬೀಗವೇ ಇರಲಿಲ್ಲ. ಒಳಗೆ ಹಳೆಯ ಸೀಟುಗಳ ಮುಗ್ಗಲು ವಾಸನೆ. ಇನ್ಸ್‌ಪೆಕ್ಟರ್ ಡ್ರೈವರ್ ಕಡೆಯಿಂದ ಬಗ್ಗಿ ನೋಡಿ ಹೋಗಿದ್ದರು. ಅವಳು ಇನ್ನೊಂದು ಕಡೆಯಿಂದ ಒಳಹೊಕ್ಕು, ಪಕ್ಕದ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ತಲೆ ಇಟ್ಟು ಟಾರ್ಚು ಹಾಕಿದಳು. ಅಲ್ಲಿ ಕಂಡದ್ದನ್ನು ಬೆರಳಿನಿಂದ ಮುಟ್ಟಿಯೂ ನೋಡಿದಳು. ಗೇರಿನ ಹಿಡಿ ಯಾವ ಕಡೆಗಿದೆ ನೋಡಿದಳು. ಹೊರಗೆ ಬಂದು ಮುಂದಿನ ಚಕ್ರಗಳ ಎದುರು ಕುಕ್ಕರುಗಾಲಲ್ಲಿ ಕೂತು ಎಷ್ಟೋ ಹೊತ್ತು ನೋಡಿದಳು.

ಆಮೇಲೆ ಎದ್ದು ಇಳಿಜಾರಿನ ತುದಿಯವರೆಗೆ ನಡೆದು, ನಿಂತಿದ್ದ ಒಂದೊಂದು ಗಾಡಿಯ ಚಕ್ರವನ್ನೂ ನೋಡುತ್ತ ಬಂದಳು. ಬುಡಕ್ಕೆ ಬಂದ ಮೇಲೆ ಲೆಕ್ಕ ತಪ್ಪಿರಬಹುದು ಎನಿಸಿತು. ಮತ್ತೆ ಏರಿ, ಮತ್ತೆ ಎಣಿಸಿದಳು.

"ಏನಕ್ಕಾ, ಕಾರು ಕೊಳ್ಳೋ ಯೋಚನೆನಾ?" ಎಂದ ಕಾನ್ಸ್‌ಟೇಬಲ್.

"ಚಕ್ರ ಒಂದೇ ಕೊಡ್ತಾರೇನೋ ಅಂತ ನೋಡ್ತಿದ್ದೀನಿ."

*

ಬೀದಿಯ ಬುಡದಲ್ಲಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಆಗತಾನೇ ಮಧ್ಯಾಹ್ನದ ತರಗತಿ ಮುಗಿಸಿದ್ದರು. ಮೇಜಿನ ಮೇಲೆ ಬಣ್ಣ ಬಳಿದ ರಸ್ತೆ, ಅದರ ಮೇಲೆ ಆಟಿಕೆ ಕಾರುಗಳು. ಗೋಡೆಯ ತುಂಬ ಸಂಚಾರ ಚಿಹ್ನೆಗಳು. ಆಟಿಕೆ ಕಾರುಗಳನ್ನೂ ಒಂದರ ಹಿಂದೆ ಒಂದು ಗೆರೆ ಎಳೆದಂತೆ ನಿಲ್ಲಿಸಿ ಹೋಗುವ ಮನುಷ್ಯ ಅವರು.

"ಬನ್ನಿ ಅಕ್ಕಾ. ಕೊನೆಗೂ ಕಲಿಯೋ ಮನಸ್ಸಾಯ್ತಾ? ಸಂಜೆ ಬ್ಯಾಚಲ್ಲಿ ಜಾಗ ಇದೆ."

"ಒಂದೇ ಪಾಠ ಸಾಕು ಮೇಷ್ಟ್ರೇ. ಇಳಿಜಾರಲ್ಲಿ ಗಾಡಿ ಹೇಗೆ ನಿಲ್ಲಿಸ್ಬೇಕು?"

ಮೇಷ್ಟ್ರು ಉಸಿರು ಬಿಟ್ಟಷ್ಟು ಸಲೀಸಾಗಿ ಹೇಳಿದರು: "ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬಾರದು. ಮೂತಿ ಕೆಳಕ್ಕಿದ್ರೆ ಮುಂದಿನ ಚಕ್ರ ಫುಟ್‌ಪಾತ್ ಕಡೆಗೆ ಪೂರ್ತಿ ತಿರುಗಿಸಿ, ರಿವರ್ಸ್ ಗೇರಲ್ಲಿ ಬಿಡಬೇಕು. ಬ್ರೇಕ್ ಕೈಕೊಟ್ಟರೂ ಗಾಡಿ ಫುಟ್‌ಪಾತಿಗೆ ಒರಗಿ ನಿಲ್ಲುತ್ತೆ."

"ನಾಲ್ಕೂ ಟೈರು ಚಪ್ಪಟೆ ಆಗಿರೋ ಗಾಡಿಗೂ?"

ಮೇಷ್ಟ್ರ ಕೈ ಮೇಜಿನ ಆಟಿಕೆ ಕಾರುಗಳತ್ತ ಹೋಯಿತು.

"ಗಾಳಿ ಇಲ್ಲ. ಚಕ್ರಕ್ಕೆ ನನ್ನ ಬೀಗ ಬೇರೆ. ಆ ಬೂದು ಕಾರು ಎಲ್ಲಿಗೆ ಉರುಳ್ತಿತ್ತು ಮೇಷ್ಟ್ರೇ? ಆದರೂ ಚಕ್ರ ತಿರುಗಿಸಿದ್ದೀರ, ರಿವರ್ಸಲ್ಲಿ ಬಿಟ್ಟಿದ್ದೀರ. ಕಳ್ಳ ಕೆಲಸ ಮಾಡುವಾಗಲೂ ಕೈ ಮಾತು ಕೇಳಲಿಲ್ಲ, ಅಲ್ವಾ?"

"ನಾನಾ?" ಮೇಷ್ಟ್ರು ಒಂದು ಆಟಿಕೆ ಕಾರನ್ನು ಎತ್ತಿ, ಅದೇ ಜಾಗಕ್ಕೆ ಇಟ್ಟರು. "ಯಾರು ಬೇಕಾದ್ರೂ ಹಾಗೆ ನಿಲ್ಲಿಸಬಹುದು. ರಸ್ತೆ ನಿಯಮ ಅದು."

"ನಿಯಮ ಇದೆ, ಪಾಲಿಸೋರಿಲ್ಲ. ಈಗತಾನೇ ಇಡೀ ಬೀದಿ ನೋಡಿ ಬಂದೆ, ಎರಡೆರಡು ಸಲ. ಮೂವತ್ತೆಂಟು ಗಾಡಿ. ಮೂವತ್ತೈದರ ಚಕ್ರ ನೆಟ್ಟಗಿವೆ. ತಿರುಗಿಸಿರೋದು ಮೂರೇ ಮೂರು. ಎರಡರ ಮೇಲೆ ನಿಮ್ಮ ಸ್ಕೂಲಿನ ಬೋರ್ಡಿದೆ. ಮೂರನೇದು ಬೂದು."

"ನನ್ನ ಹತ್ರ ಕಲಿತೋರು ಊರು ತುಂಬ ಇದ್ದಾರೆ!"

"ಆ ಮೂವತ್ತೈದರಲ್ಲಿ ಅರ್ಧ ಜನ ನಿಮ್ಮ ಶಿಷ್ಯರೇ ಮೇಷ್ಟ್ರೇ. ಲೈಸೆನ್ಸ್ ಕೈಗೆ ಬಂದ ಮೇಲೆ ಯಾರು ತಿರುಗಿಸ್ತಾರೆ?"

ಅದರಿಂದ ಮೇಷ್ಟ್ರಿಗೆ ನಿಜವಾಗಿಯೂ ನೋವಾಯಿತು. ಮುಖ ಸಪ್ಪಗಾಯಿತು.

ಬೀಗದಕ್ಕ ಬೆರಳು ಉಜ್ಜಿಕೊಂಡಳು. ತಾನು ತಪ್ಪಿದ್ದರೆ? ಒಬ್ಬ ಮರ್ಯಾದಸ್ಥನ ಮುಖಕ್ಕೆ ಮಸಿ ಬಳಿದಂತಾಗುವುದಿಲ್ಲವೇ, ಈ ಬೆಳಗ್ಗೆ ತನಗೆ ಬಳಿದ ಹಾಗೆಯೇ? ಆದರೆ ಬೆರಳಿಗೆ ತಗುಲಿದ್ದು ಸುಳ್ಳಾಗಲು ಸಾಧ್ಯವಿರಲಿಲ್ಲ.

"ಪಕ್ಕದ ಸೀಟಿನ ಮುಂದೆ ನೆಲದಲ್ಲಿ ಬೋಲ್ಟು ಬಿಚ್ಚಿದ ನಾಲ್ಕು ತೂತಿವೆ," ಎಂದಳು. "ಟೇಪ್ ಅಂಟಿಸಿ ಮುಚ್ಚಿದ್ದೀರ. ಆ ಜಾಗದಲ್ಲಿ ಎರಡನೇ ಬ್ರೇಕ್ ಇರೋದು ಒಂದೇ ಥರದ ಗಾಡೀಲಿ. ಕಲಿಯೋರ ಪಕ್ಕದಲ್ಲಿ ಕಲಿಸೋರು ಕೂತ್ಕೊಳ್ಳೋ ಗಾಡೀಲಿ. ಆ ಕಾರು ನಿಮ್ಮದು. ಇಲ್ಲ ಅನ್ನಿ ನೋಡೋಣ."

ಮೇಷ್ಟ್ರು ಬೆಂಚಿನ ಮೇಲೆ ಕೂತರು, ತಾವೇ ವಿದ್ಯಾರ್ಥಿಯ ಹಾಗೆ.

"ಕದ್ದಿಲ್ಲ ಅಕ್ಕಾ. ನನ್ನ ಮಕ್ಕಳಾಣೆಗೂ ಕದ್ದಿಲ್ಲ. ಕಾಪಾಡಿದ್ದು."

"ಯಾರಿಂದ?"

ಅವರು ಮೇಜಿನ ರಸ್ತೆಯನ್ನೇ ನೋಡುತ್ತ ಹೇಳಿದರು: "ನಿಮ್ಮಿಂದ."

ಬೀಗದಕ್ಕನಿಗೆ ಸಿಟ್ಟು ಬರುವುದಕ್ಕೂ ಒಂದು ಗಳಿಗೆ ಬೇಕಾಯಿತು.

"ಹೋದ ವಾರ ಎರಡು ದಿನ," ಮೇಷ್ಟ್ರು ತಡವರಿಸುತ್ತ ಮುಂದುವರಿಸಿದರು, "ಬೆಳಗ್ಗೆ ಡಾಕ್ಟರಮ್ಮ ನೋಡಿದಾಗ ಹೊದಿಕೆ ಪಟ್ಟಿ ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರಂತೆ. ಅವರು ಕಟ್ಟೋದು ಹೇಗೋ ಒಂದು ಗಂಟು. ಅಲ್ಲಿದ್ದದ್ದು ಎಳೆದಷ್ಟೂ ಬಿಗಿಯೋ ಗಂಟು. ನಿಮ್ಮ ಅಂಗಡಿ ಗಂಟು, ನೀವು ಹಾಕೋದನ್ನ ಅವರು ನೋಡಿದ್ದರು. ಅವರಿಗೆ ಭಯ ಆಯ್ತು. ಪೊಲೀಸರಿಗೆ ಹೇಳೋಕೆ ಸಾಕ್ಷಿ ಇಲ್ಲ. ನನ್ನನ್ನ ಕೇಳಿದ್ರು. ಶನಿವಾರ ಬೆಳಗ್ಗೆ, ಮೊದಲ ಬ್ಯಾಚಿಗೆ ಮುಂಚೆ, ಕೆಂಪು ಕಾರನ್ನ ನನ್ನ ಶೆಡ್ಡಿಗೆ ತಂದೆ. ಗುಜರಿಗೆ ಹಾಕಬೇಕಿದ್ದ ಬೂದು ಕಾರನ್ನ ಅಲ್ಲಿಟ್ಟೆ. ನಾಲ್ಕು ದಿನ ಕಾದರೆ ಕಳ್ಳ ಬಂದು ಸಿಕ್ಕಿಬೀಳ್ತಾನೆ ಅಂತ. ಅಷ್ಟರಲ್ಲಿ ಈ ಸೆಕ್ರೆಟರಿ..."

"ಫೋನ್ ಮಾಡಿ ಡಾಕ್ಟರಮ್ಮನಿಗೆ."

"ಈಗ ಪೇಷೆಂಟು ಇರ್ತಾರೆ ಅಕ್ಕಾ."

"ಇರಲಿ. ಒಂದು ಹಲ್ಲು ಐದು ನಿಮಿಷ ತಡವಾಗಿ ಕೀಳಲಿ."

ಫೋನಿನ ಆ ಕಡೆ ಡಾಕ್ಟರಮ್ಮನ ದನಿ ಕೇಳಿದ ಕೂಡಲೇ ಬೀಗದಕ್ಕ ಅದನ್ನು ಮೇಷ್ಟ್ರ ಕೈಯಿಂದ ತೆಗೆದುಕೊಂಡಳು.

"ಡಾಕ್ಟರಮ್ಮ, ಬಂದೋರಿಗೆಲ್ಲ ಬಾಯಿ ತೆಗೀರಿ, ಎಲ್ಲಿ ನೋವು ತೋರಿಸಿ ಅಂತೀರಲ್ಲ. ಬೆಳಗ್ಗೆ ಇನ್ಸ್‌ಪೆಕ್ಟರ ಮುಂದೆ ನಿಮ್ಮ ಬಾಯಿ ಯಾಕೆ ತೆರೀಲಿಲ್ಲ?"

ಆ ಕಡೆ ಕುರ್ಚಿ ಸರಿದು, ಬಾಗಿಲು ಮುಚ್ಚಿದ ಸದ್ದು. ಆಮೇಲೆ, "ನಿಮ್ಮ ಗಂಟೇ ಆಗಿತ್ತು," ಎಂಬ ಸಣ್ಣ ದನಿ.

"ಅನುಮಾನ ಇದ್ದಿದ್ರೆ ನನ್ನ ಅಂಗಡಿಗೆ ಬಂದು ಮುಖಕ್ಕೆ ಕೇಳ್ಬೇಕಿತ್ತು. ಕೇಳಿದ್ರೆ ನಾನೇನು ಕಚ್ತಿದ್ದೆನಾ? ಬೀದೀಲಿ ಅಷ್ಟು ಜನರ ಮುಂದೆ ನನ್ನ ಹೆಸರು ಮಣ್ಣಾಗ್ತಿರುವಾಗ ಚಪ್ಪಲಿ ನೋಡ್ತಾ ನಿಂತ್ರಲ್ಲ! ಇನ್ಸ್‌ಪೆಕ್ಟರನ್ನ ಕರ್ಕೊಂಡು ಮೇಷ್ಟ್ರ ಶೆಡ್ಡಿಗೆ ಬನ್ನಿ. ಹೋಗಿದ್ದ ಕಾರನ್ನ ನಾನು ತೋರಿಸ್ತೀನಿ. ನೀವು ನೋಡಿ, ಅವರಿಗೆ ಹೇಳಿ."

ಫೋನನ್ನು ಮೇಜಿನ ಮೇಲಿಟ್ಟು ಅವಳು ಚೀಲ ಹೆಗಲಿಗೇರಿಸಿದಳು. ಮೇಷ್ಟ್ರು ನೀರು ಕೊಟ್ಟರು. ಕುಡಿಯಲಿಲ್ಲ.

*

ಶೆಡ್ಡು ಸ್ಕೂಲಿನ ಹಿಂದೆಯೇ ಇತ್ತು. ತಗಡಿನ ಬಾಗಿಲು ಸರಿಸಿದರೆ, ಹಳೆಯ ಟೈರುಗಳ ರಾಶಿಯ ನಡುವೆ, ಕೆಂಪು ಕಾರು. ಸ್ಟೇರಿಂಗಿನ ಮೇಲೆ ಅವಳ ಕಬ್ಬಿಣದ ಸರಳು ಹಾಕಿದಂತೆಯೇ ಇತ್ತು. ಬೀಗದಕ್ಕ ಉಸಿರು ಬಿಟ್ಟಳು. ಉಳಿದುಕೊಂಡೆ ಎನಿಸಿತು.

ಮೇಷ್ಟ್ರಿಗೂ ಹಗುರವಾಗಿತ್ತೇನೋ, ಮಾತಿಗೆ ಮಾತು ಸೇರಿಸಿದರು. "ಬೇಜಾರು ಮಾಡ್ಕೋಬೇಡಿ ಅಕ್ಕಾ, ಒಂದು ಹೇಳ್ತೀನಿ. ನಿಮ್ಮ ಗುಪ್ತ ಸ್ವಿಚ್ಚು ಮಾತ್ರ ಡಬ್ಬ. ಆವತ್ತು ಗಡಿಬಿಡೀಲಿ ಡಾಕ್ಟರಮ್ಮ ಅದನ್ನ ಒತ್ತೋಕೆ ಹೇಳೋದನ್ನೇ ಮರೆತರು. ನಾನೂ ಒತ್ತಲಿಲ್ಲ. ಗಾಡಿ ಇಲ್ಲೀವರೆಗೂ ಬೆಣ್ಣೆ ಥರ ಬಂತು."

"ಏನಂದ್ರಿ?"

"ಎಲ್ಲೂ ನಿಲ್ಲಲಿಲ್ಲ ಅಂದೆ."

ಬೇರೆ ಯಾರಾದರೂ ಆ ಮಾತನ್ನು ಕೇಳಿಸಿಕೊಳ್ಳದವರಂತೆ ಇದ್ದುಬಿಡುತ್ತಿದ್ದರು. ಬೀಗದಕ್ಕನಿಗೆ ಅದು ಸಾಧ್ಯವಿರಲಿಲ್ಲ. ತನ್ನ ಕೆಲಸ ಕೈಕೊಟ್ಟಿತೇ? ಟಾರ್ಚು ತೆಗೆದು, ಡ್ರೈವರ್ ಸೀಟನ್ನು ಹಿಂದಕ್ಕೆ ಸರಿಸಿ, ಅದರ ಕೆಳಗೆ ತಲೆ ತೂರಿಸಿದಳು.

ಸ್ವಿಚ್ಚು ಚೆನ್ನಾಗಿಯೇ ಇತ್ತು. ಅದಕ್ಕೆ ಬರುವ ವೈರು, ಅದರಿಂದ ಹೋಗುವ ವೈರು, ಎರಡರ ಸಿಪ್ಪೆಯನ್ನೂ ಅರ್ಧ ಬೆರಳಿನಷ್ಟು ಹೆರೆದು, ನಡುವೆ ಒಂದು ತಾಮ್ರದ ತುಂಡು ಸೇರಿಸಿದ್ದರು. ಇನ್ನು ಸ್ವಿಚ್ಚು ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ನಾಯಿಯನ್ನು ಸಾಯಿಸದೆ ಬಾಯಿ ಮಾತ್ರ ಕಟ್ಟಿದ ಹಾಗೆ.

ಆದರೆ ಅವಳು ಟಾರ್ಚನ್ನು ಇನ್ನೂ ಹತ್ತಿರ ಹಿಡಿದದ್ದು ಅದಕ್ಕಲ್ಲ.

ಸೇರಿಸಿದ ಜಾಗಕ್ಕೆ ಟೇಪ್ ಸುತ್ತಿರಲಿಲ್ಲ. ಮೇಣ ಹಚ್ಚಿದ ದಾರ ಸುತ್ತಿ ಗಂಟು ಹಾಕಿದ್ದರು. ಟೇಪು ಬಿಸಿಲಿಗೆ ಬಾಯಿ ಬಿಡುತ್ತದೆ, ಮೇಣದ ದಾರ ಬಿಡುವುದಿಲ್ಲ ಎಂದು ಮಾವ ಹೇಳುತ್ತಿದ್ದರು. ಈ ಊರಿನಲ್ಲಿ ಬೇರೆ ಯಾವ ಅಂಗಡಿಯವರೂ ಹಾಗೆ ಮಾಡುವುದಿಲ್ಲ. ಮೂರು ಸುತ್ತು, ಆಮೇಲೆ ಗಂಟು. ಇಲ್ಲಿ ಎರಡೇ ಸುತ್ತು ಇದ್ದವು. ಗಂಟು ಮಾತ್ರ ಅದೇ.

ಡಾಕ್ಟರಮ್ಮನ ಅನುಮಾನ ಹುಚ್ಚಲ್ಲ. ಹೊದಿಕೆ ಬಿಚ್ಚಿ ಕಾರಿನೊಳಗೆ ಹೊಕ್ಕವರು ಇದ್ದರು. ಮೊದಲು ಸ್ವಿಚ್ಚು ಮುಗಿಸಿದ್ದರು. ಚಕ್ರದ ಬೀಗಕ್ಕೂ ಸರಳಿಗೂ ಮತ್ತೊಂದು ದಿನ ಬರುವವರಿದ್ದರು. ಆ ಕೈಗೆ ಪಾಠ ಹೇಳಿದ್ದು ತನ್ನದೇ ಅಂಗಡಿ.

ಹೊರಗೆ ಜೀಪು ನಿಂತ ಸದ್ದು.

ಚೀಲದಲ್ಲಿ ಇಕ್ಕುಳವಿತ್ತು. ಒಂದು ಚಿವುಟು ಸಾಕು. ದಾರ ಜೇಬಿಗೆ, ತಾಮ್ರದ ತುಂಡು ಟೈರುಗಳ ರಾಶಿಗೆ. ಯಾರಿಗೂ ತಿಳಿಯುವುದಿಲ್ಲ. ಇಕ್ಕುಳ ಅವಳ ಕೈಗೆ ಬಂದೂ ಬಿಟ್ಟಿತ್ತು.

ಅದನ್ನು ಹಾಗೆಯೇ ಚೀಲದೊಳಗೆ ಹಾಕಿ, ಬೀಗದಕ್ಕ ಕಾರಿನಿಂದ ಹೊರಗೆ ಬಂದಳು.

ಇನ್ಸ್‌ಪೆಕ್ಟರ್ ಮುಂದೆ, ಡಾಕ್ಟರಮ್ಮ ಹಿಂದೆ, ಅವರಿಬ್ಬರ ನಡುವೆ ತೂರಿಕೊಂಡು ಅತ್ತೆ.

"ನೀವ್ಯಾಕೆ ಬಂದ್ರಿ ಅತ್ತೆ?"

"ಇಲ್ಲಿಗೆ ಬರೋ ದಾರೀಲಿ ಇವರು ಅಂಗಡಿ ಹತ್ರ ಜೀಪು ನಿಲ್ಲಿಸಿ ನಿನ್ನನ್ನ ಕೇಳಿದ್ರು. ಇವರನ್ನಷ್ಟೇ ಕಳಿಸಿದರೆ ನಿನ್ನನ್ನ ಎಲ್ಲಿಗೆ ಎತ್ತಾಕ್ಕೊಂಡು ಹೋಗ್ತಾರೋ ಅಂತ ನಾನೂ ಹತ್ತಿದೆ. ಜೀಪಿನ ಸೀಟು ನಮ್ಮ ಸ್ಟೂಲಿಗಿಂತ ಗಟ್ಟಿ ಕಣೇ."

ಮೇಷ್ಟ್ರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಡಾಕ್ಟರಮ್ಮ ಕಣ್ಣೊರೆಸಿಕೊಂಡರು. "ತಪ್ಪಾಯ್ತು ಬೀಗದಕ್ಕ. ನಾಳೆ ಇಡೀ ಕಟ್ಟಡದ ಮುಂದೆ ನಿಂತು ಹೇಳ್ತೀನಿ."

ಇನ್ಸ್‌ಪೆಕ್ಟರ್ ಕಾರಿನ ಸುತ್ತ ಒಮ್ಮೆ ನಡೆದು, ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. "ಕಾರು ಇದೆ. ಕಾರಿನವರು ಇದ್ದಾರೆ. ಕಳ್ಳತನವೇ ಆಗಿಲ್ಲ ಅಂದ ಮೇಲೆ ನನಗೆ ಇಲ್ಲಿ ಕೆಲಸವಿಲ್ಲ. ನಿನ್ನ ಪುಸ್ತಕ ಗೋಡೆ ಮೇಲೇ ಇರಲಮ್ಮ. ಇಲ್ಲಿಗೆ ಮುಗೀತು."

ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು.

"ಮುಗಿದಿಲ್ಲ ಸರ್," ಎಂದಳು ಬೀಗದಕ್ಕ.

ಎಲ್ಲರೂ ತಿರುಗಿದರು.

"ಸೀಟಿನ ಕೆಳಗೆ ಯಾರೋ ನನ್ನ ಸ್ವಿಚ್ಚಿನ ಬಾಯಿ ಕಟ್ಟಿದ್ದಾರೆ. ಈ ಕಾರನ್ನ ಕದಿಯೋಕೆ ನಿಜವಾಗಲೂ ಯಾರೋ ಬಂದಿದ್ರು. ನೀವೇ ಬಗ್ಗಿ ನೋಡ್ತೀರಿ, ಅದಕ್ಕೆ ಮುಂಚೆ ನಾನೇ ಹೇಳಿಬಿಡ್ತೀನಿ. ಅದು ನನ್ನ ಕೈಕೆಲಸದ ಹಾಗೇ ಇದೆ. ಮೇಣದ ದಾರ ಸುತ್ತಿ ಹಾಕೋ ನಮ್ಮ ಅಂಗಡಿ ಗಂಟು. ಆದರೆ ನಾನು ಹಾಕಿದ್ದಲ್ಲ."

ಇನ್ಸ್‌ಪೆಕ್ಟರ್ ಮೆಲ್ಲಗೆ ಪುಸ್ತಕ ತೆರೆದರು. "ನಿನ್ನದಲ್ಲ ಅಂತ ಹೇಗೆ ನಂಬಲಿ?"

"ನಂಬಬೇಡಿ. ಆದರೆ ನೀವು ಪುಸ್ತಕ ಮುಚ್ಚಿದ್ರಿ, ತೆರೆಸಿದ್ದು ನಾನು. ಅದನ್ನೂ ಬರ್ಕೊಳ್ಳಿ. ನನ್ನ ಹೆಸರು ಅರ್ಧಂಬರ್ಧ ತೊಳೆದು ಕೊಡೋದು ಬೇಡ ಸರ್. ತೊಳೆದ್ರೆ ಪೂರ್ತಿ ತೊಳೀರಿ. ಇಲ್ಲ ಅಂದ್ರೆ ಶಟರಿಗೆ ಸೀಲ್ ಹಾಕಿ."

"ಆ ಗಂಟು ಹಾಕೋಕೆ ಎಷ್ಟು ಜನಕ್ಕೆ ಬರುತ್ತೆ?"

"ಇಬ್ಬರಿಗೆ. ನಾನೊಬ್ಬಳು."

"ಇನ್ನೊಬ್ಬರು?"

ಬೀಗದಕ್ಕ ಅತ್ತೆಯ ಕಡೆ ನೋಡಲಾರದೆ ಕೆಂಪು ಕಾರಿನ ಕಡೆ ನೋಡಿದಳು. ನಾಲ್ಕು ವರ್ಷದಿಂದ ಮನೆಯಲ್ಲಿ ಯಾರೂ ಎತ್ತದ ಮಾತು ಅದು.

"ನನ್ನ ಗಂಡ," ಎಂದಳು. "ಎಲ್ಲಿದ್ದಾನೆ ಅಂತ ಗೊತ್ತಿಲ್ಲ. ಇಲ್ಲೇ ಎಲ್ಲೋ ಇದ್ದಾನೆ ಅಂತ ಈಗ ಗೊತ್ತಾಯ್ತು."

"ಇಬ್ಬರಲ್ಲ. ಮೂವರು."

ಅತ್ತೆ ಡಾಕ್ಟರಮ್ಮನನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದಿದ್ದರು. "ನಲವತ್ತು ವರ್ಷ ಆ ದಾರಕ್ಕೆ ಮೇಣ ಹಚ್ಚಿ ಕೊಟ್ಟಿದ್ದು ಯಾರೇ? ನಿನ್ನ ಮಾವನಿಗೆ ಕಣ್ಣು ಮಂಜಾದ ಮೇಲೆ ಗಂಟು ಹಾಕಿ ಕೊಟ್ಟಿದ್ದು ಯಾರು? ಅಂಗಡೀಲಿ ನನ್ನನ್ನ ಎಣಿಸೋದನ್ನೇ ಮರೆತುಬಿಟ್ಟೆಯಲ್ಲ. ಬರ್ಕೊಳ್ಳಪ್ಪ ಇನ್ಸ್‌ಪೆಕ್ಟರ್. ಕಾರಿನೊಳಗೆ ಹೋಗಿದ್ದು ನಾನು. ಗಂಟು ಹಾಕಿದ್ದು ನಾನು."

"ಅತ್ತೆ, ಸುಮ್ಮನಿರಿ!" ಬೀಗದಕ್ಕ ಇನ್ಸ್‌ಪೆಕ್ಟರಿಗೂ ಅತ್ತೆಗೂ ನಡುವೆ ಬಂದು ನಿಂತಳು. "ಮಗನ್ನ ಉಳಿಸೋಕೆ ಹೇಳ್ತಿದ್ದಾರೆ ಸರ್. ಸುಳ್ಳು. ಆ ಸೀಟಿನ ಕೆಳಗೆ ಏನು ಹೇಗಿದೆ ಅಂತಾನೇ ಇವರಿಗೆ ಗೊತ್ತಿಲ್ಲ."

"ಗೊತ್ತಿಲ್ವಾ?" ಅತ್ತೆ ತಲೆಯೆತ್ತಿ ಸೊಸೆಯನ್ನು ನೆಟ್ಟ ಕಣ್ಣಿನಿಂದ ನೋಡಿದರು. ಆ ಮುಖದಲ್ಲಿ ಬೇಡಿಕೆಯಿರಲಿಲ್ಲ, ಭಯವೂ ಇರಲಿಲ್ಲ. "ಮೂರು ಸುತ್ತು ಹಾಕ್ಬೇಕಿತ್ತು. ದಾರ ಸಾಲಲಿಲ್ಲ. ಎರಡೇ ಹಾಕಿದೆ."

ಎರಡು ಸುತ್ತು ಎಂಬುದನ್ನು ಬೀಗದಕ್ಕ ಇನ್ನೂ ಯಾರಿಗೂ ಹೇಳಿರಲಿಲ್ಲ.